ತಣ್ಣನೆಯ ಒಲೆಮನೆಯ ಊರು

ಜರ್ಮನಿಯ ನಡುನಾಡಿನ ಗುಡ್ಡಗಳ ಮಡಿಲಲ್ಲಿ, ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ, ಕಾಲ್ಟ್‌ಬಾಕೆಸ್ ಎಂಬ ಏಳು ಮನೆಗಳ ಊರಿದೆ. ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಆರೋಗ್ಯ ಹಾರೈಸುವಷ್ಟು ಚಿಕ್ಕದು. ಒಂದು ಬಾವಿ, ಒಂದು ಲಿಂಡೆನ್ ಮರ, ಮರದ ಪಕ್ಕದಲ್ಲಿ ಕಲ್ಲಿನ ಒಲೆಮನೆ. ತಲೆದಿಂಬಿನಷ್ಟು ದಪ್ಪನೆಯ ಕಪ್ಪು ರೊಟ್ಟಿ ಬೇಯಿಸಲು ಮನೆಮನೆಗೂ ಸೌದೆ ಸಾಲದ ಕಾಲದಲ್ಲಿ ಏಳು ಮನೆಯವರೂ ಕೂಡಿ ಕಟ್ಟಿಕೊಂಡದ್ದು ಅದು. ಊರ ಹೆಸರಿನ ಅರ್ಥವೇ 'ತಣ್ಣನೆಯ ಒಲೆಮನೆ'. ಆದರೆ ಹೋದವರ ಮೂಗಿಗೆ ಮೊದಲು ಬಡಿಯುವುದು ಬಿಸಿ ರೊಟ್ಟಿಯ ವಾಸನೆ. ಹಾಗಿದ್ದ ಮೇಲೆ ಈ ಹೆಸರೇಕೆ ಎಂದು ಕೇಳಿದರೆ ಅಲ್ಲಿಯ ಹಿರಿಯರು, ಮೊದಲು ಕುಳಿತುಕೊಳ್ಳಿ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಊರಿನಲ್ಲಿ ವಾಲ್ಬುರ್ಗಾ ಎಂಬ ಹೆಂಗಸಿದ್ದಳು. ಗಂಡನನ್ನೂ ಮಗನನ್ನೂ ಒಂದೇ ವರ್ಷದ ಜ್ವರಕ್ಕೆ ಕೊಟ್ಟು, ಬಸುರಿ ಸೊಸೆ ಅಪೊಲೋನಿಯಾಳ ಜೊತೆ ಬದುಕಿದ್ದವಳು. ನಲವತ್ತು ವರ್ಷ ರೊಟ್ಟಿ ಬೇಯಿಸಿದ ಕೈ. ಒಲೆಯ ಹದ ತಿಳಿಯಲು ಅಲ್ಲಿಯವರು ಬರಿಗೈಯನ್ನು ಮೊಣಕೈವರೆಗೂ ಒಲೆಯೊಳಗೆ ಚಾಚಿ ಎಣಿಸುವುದು ವಾಡಿಕೆ; ಹದಿನೈದಕ್ಕೆ ಕೈ ಸೆಳೆಯುವಂತಾದರೆ ರೊಟ್ಟಿಗೆ ಹದ. ಪಕ್ಕದ ಮನೆಯ ಫೈಟನದು ಮೆತ್ತನೆಯ ಕೈ; ಒಲೆ ಹದಕ್ಕೆ ಬರುವ ಮೊದಲೇ, ಆರಕ್ಕೇ ಸೆಳೆಯುತ್ತಿದ್ದ. ಒಲೆ ಕಾದಿದೆ ಎಂದುಕೊಂಡು ಅವಸರದಲ್ಲಿ ಹಿಟ್ಟು ಇಡುತ್ತಿದ್ದುದರಿಂದ ಅವನ ರೊಟ್ಟಿ ಹೊರಗೆ ರೊಟ್ಟಿ, ಒಳಗೆ ಅಂಟು. ಅವನನ್ನು ಆಡಿಕೊಳ್ಳುವುದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ವಾಲ್ಬುರ್ಗಾಳೇ. ಒಲೆಯ ಸರದಿ ಮನೆಗೊಂದು ದಿನ. ಒಂದು ಮನೆಯವರ ಕೆಂಡದ ಮೇಲೆ ಮರುದಿನದವರು ಸೌದೆ ಒಟ್ಟಬೇಕು. ಒಲೆಯನ್ನು ಆರಗೊಡುವುದು ಊರಿಗೇ ಅವಮಾನ.

ಆ ಚಳಿಗಾಲ ಹಿಮ ಕಿಟಕಿಯ ಮಟ್ಟಕ್ಕೆ ಬಿದ್ದಿತ್ತು. ವಾಲ್ಬುರ್ಗಾ ತನ್ನ ಸರದಿ ಮುಗಿಸಿ ಮನೆಗೆ ಬಂದರೆ ಸೊಸೆಗೆ ಏಳು ತಿಂಗಳಿಗೇ ನೋವು. ಹುಟ್ಟಿದ ಹೆಣ್ಣುಮಗು ಅಂಗೈಯಗಲ; ಅಳುವ ಶಕ್ತಿಯೂ ಇಲ್ಲ, ಎದೆಗೊತ್ತಿ ಹಿಡಿದರೂ ಮೈ ನೀಲಿಗಟ್ಟುತ್ತಿತ್ತು. ಮನೆತನದಲ್ಲಿ ಉಳಿದಿದ್ದ ಕುಡಿ ಅದೊಂದೇ. ಅಜ್ಜಿ ಮಗುವನ್ನು ಉಣ್ಣೆಯಲ್ಲಿ ಸುತ್ತಿ, ಹಿಟ್ಟು ನಾದುವ ಮರದ ದೋಣಿಯಲ್ಲಿ ಮಲಗಿಸಿ, ಒಲೆಮನೆಗೆ ಹೊತ್ತೊಯ್ದು, ಆರುತ್ತಿದ್ದ ಒಲೆಯ ಬಾಯೊಳಗಿಟ್ಟಳು. ಮಗುವಿನ ಮೈಗೆ ಬಣ್ಣ ಬಂತು.

ಬೆಳಗಾಗುವಾಗ ಕಾವು ಇಳಿಯಿತು. ಅವಳು ಮಗುವನ್ನು ಮನೆಗೊಯ್ದು ಸೊಸೆಯ ಎದೆಗೆ ಕೊಟ್ಟು, ಮತ್ತೆ ದೋಣಿಯಲ್ಲಿ ಹೊತ್ತುತಂದು, ಎರಡು ಹೊರೆ ಚಕ್ಕೆ ಉರಿಸಿ, ಕೆಂಡ ಬಾಚಿ, ಕೈ ಚಾಚಿ ನೋಡಿದಳು. ಹಿತವಾಗಿದೆ ಅನ್ನಿಸಿತು. ದೋಣಿಯನ್ನು ಒಳಗಿಡಬೇಕು, ಅಷ್ಟರಲ್ಲಿ ಫೈಟ್ ಹುಳಿಬಂದ ಹಿಟ್ಟು ಹೊತ್ತು ಬಾಗಿಲಲ್ಲಿ ನಿಂತ.

"ಇವತ್ತು ಸರದಿ ನಂದು. ನೀನ್ಯಾಕೆ ಬೆಂಕಿ ಹಾಕ್ದೆ?"

"ರೊಟ್ಟಿಗಲ್ಲ ಕಣೋ. ಇದಕ್ಕೆ," ಎಂದು ಅವಳು ಉಣ್ಣೆ ಸರಿಸಿ ತೋರಿಸಿದಳು.

ಅವನು ಮಗುವನ್ನು ನೋಡಿದ, ಒಲೆಯನ್ನು ನೋಡಿದ. ಹಿಟ್ಟು ಕೆಳಗಿಟ್ಟು ಕೈ ಚಾಚಿ, ಆರು ಎಣಿಸುವ ಮೊದಲೇ ಸೆಳೆದುಕೊಂಡ. "ಅಯ್ಯೋ, ಸುಡ್ತಾ ಇದೆ!"

ಎಂದಿನ ಹಾಸ್ಯ ವಾಲ್ಬುರ್ಗಾಳ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ತನ್ನ ಕೈ ನೋಡಿಕೊಂಡಳು. ನಲವತ್ತು ವರ್ಷ ಬೆಂದು ತೊಗಲಾದ ಕೈ. ಸುಡುವುದನ್ನೇ ಹಿತ ಎನ್ನುವ ಕೈ. ಈ ಕೈಯನ್ನು ನಂಬಿ ಮೊಮ್ಮಗಳನ್ನು ಬೇಯಿಸಿಬಿಡುತ್ತಿದ್ದೆನಲ್ಲ ಎಂದುಕೊಂಡಳು. ಊರೇ ನಗುವ ಫೈಟನ ಮೆತ್ತನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀನೇ ನೋಡಪ್ಪ. ನಂಗೆ ಗೊತ್ತಾಗಲ್ಲ," ಎಂದಳು. ಹಾಗೆ ಅವಳು ಯಾರ ಮುಂದೆಯೂ ಸೋತು ಮಾತಾಡಿದವಳಲ್ಲ.

ಫೈಟ್ ಹಿಟ್ಟನ್ನು ಮನೆಯಲ್ಲಿಟ್ಟು ಬಂದು ಒಲೆಯ ಬಾಯ ಮುಂದೆ ಕುಳಿತ. ನೂರು ಎಣಿಸಿದರೂ ಕೈ ಸೆಳೆಯಬೇಕೆನಿಸದ ಕಾವು ಬಂದಾಗ "ಈಗ ಇಡು" ಎಂದ. ಮುಂದಿನ ನಲವತ್ತೊಂದು ದಿನ ಅವನದೇ ಹದ. ಉಳಿದ ಮನೆಯವರು ಮೊದಲು ಗೊಣಗಿದರು. ಮಗುವನ್ನು ನೋಡಿ ಹೋದ ಮೇಲೆ ತಮ್ಮ ಸರದಿಯ ಸೌದೆಯನ್ನು ತಾವೇ ಚಕ್ಕೆ ಸೀಳಿ ತಂದು ಒಟ್ಟಿದರು. ಊರು ಬೇಯಿಸಿದ ಟರ್ನಿಪ್ ಗೆಡ್ಡೆ ತಿಂದಿತು, ಓಟ್ಸ್ ಗಂಜಿ ಕುಡಿಯಿತು, ಕೊನೆಗೆ ಮಾನ ಬಿಟ್ಟು ಪಕ್ಕದ ಲಿಂಡೆನ್‌ರೀಡ್ ಊರಿಗೆ ಹೋಗಿ ರೊಟ್ಟಿ ಬೇಡಿತು. "ಬಂದ್ರಪ್ಪ ತಣ್ಣನೆ ಒಲೆಮನೆಯವರು!" ಎಂದು ಅಲ್ಲಿಯವರು ನಕ್ಕರು. ನಕ್ಕವರು ರೊಟ್ಟಿಯನ್ನೂ ಕೊಟ್ಟರೆನ್ನಿ. ಊರಿಗೆ ಅದಕ್ಕೆ ಮೊದಲು ಬೇರೆ ಹೆಸರಿತ್ತಂತೆ. ಅದೀಗ ಯಾರಿಗೂ ನೆನಪಿಲ್ಲ.

ಮಗು ಉಳಿಯಿತು. ಮತ್ತೆ ರೊಟ್ಟಿ ಬೇಯಿಸುವ ಮೊದಲ ಸರದಿಯನ್ನು ಫೈಟನಿಗೇ ಕೊಟ್ಟರು. ಅವನ ರೊಟ್ಟಿ ಎಂದಿನಂತೆ ಒಳಗೆ ಅಂಟು. ವಾಲ್ಬುರ್ಗಾ ತನ್ನ ಪಾಲಿನ ತುಂಡನ್ನು ಕೊನೆಯ ಚೂರಿನವರೆಗೂ ತಿಂದು, ಇನ್ನೊಂದು ತುಂಡು ಕೇಳಿದಳು ಎನ್ನುತ್ತಾರೆ.

ಈಗ ಹೋದವರಿಗೆ ಒಲೆಮನೆಯ ಬಾಗಿಲ ಚೌಕಟ್ಟಿನಲ್ಲಿ ಸರದಿಯ ಏಳು ಗೀರುಗಳು ಕಾಣುತ್ತವೆ, ಅವುಗಳ ಕೆಳಗೆ ಎಂಟನೆಯದೊಂದು, ಬೆರಳುಗುರಿನಷ್ಟು. ಏಳು ದಿನ ಏಳು ಮನೆಯವರು ಬೇಯಿಸಿದ ಮೇಲೆ ಎಂಟನೆಯ ದಿನ ಮಗುವಿನ ಸರದಿ. ಅಂದು ಬೆಂಕಿ ಹಾಕುವುದಿಲ್ಲ; ಹಿಂದಿನ ದಿನದ ಕಾವಷ್ಟೇ ಒಲೆಯಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದೆ ಅಂದೇ ಹೋದ ಪ್ರವಾಸಿಗಳು ರೊಟ್ಟಿ ಸಿಗದೆ ಮುಖ ಸಿಂಡರಿಸುವುದುಂಟು. ಆಗ ಯಾರಾದರೂ ಮುದುಕಿ ಅವರ ಅಂಗಿಯ ತೋಳು ಮಡಿಸಿ, ಕೈಯನ್ನು ಮೊಣಕೈವರೆಗೂ ಒಲೆಯೊಳಗೆ ಚಾಚಿಸಿ, ನೂರರವರೆಗೆ ಎಣಿಸಲು ಹೇಳುತ್ತಾಳೆ. ನೂರಾದ ಮೇಲೂ ಯಾರೂ ಕೂಡಲೇ ಕೈ ತೆಗೆಯುವುದಿಲ್ಲ.