ಕಣ್ಣಿಗೆ ಕಾಣದ ಪಂಪು

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟರೆ ಕ್ಷಮಿಸಬೇಕು. ಟರ್ಬೊ ಕಾರೊಂದರ ಟ್ಯಾಂಕಿನೊಳಗೆ ಹಳೆಯ ಪಂಪೊಂದಿತ್ತು. ಪಂಪೆಂದರೆ ಎಂಜಿನ್ನಿಗೆ ಪೆಟ್ರೋಲ್ ತಳ್ಳುವುದು. ವೇಗ ಸಾಲದೆಂದು ಯಜಮಾನ ಎಂಜಿನ್ನಿಗೆ ಗಾಳಿ ತುಂಬುವ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರುಗಳನ್ನು, ಅಂದರೆ ಪೆಟ್ರೋಲ್ ಚಿಮ್ಮುವ ಮೂತಿಗಳನ್ನು, ಹಾಕಿಸಿ ಕುಂಕುಮ ಹಚ್ಚಿದ. ಬಾನೆಟ್ ಎತ್ತಿದರೂ ಕಾಣದ ಪಂಪನ್ನು ಮಾತ್ರ ಬದಲಿಸಲಿಲ್ಲ.

"ತಮ್ಮಂದಿರಾ, ಇಷ್ಟೊಂದು ಕೊಡಲು ನನ್ನಿಂದಾಗದು," ಎಂದಿತು ಪಂಪು.

"ಬಡಿಸುವವರು ಉಣ್ಣುವವರ ಹೊಟ್ಟೆ ಅಳೆಯಬಾರದು, ಅಜ್ಜ," ಎಂದು ಇಂಜೆಕ್ಟರುಗಳು ನಕ್ಕವು.

"ಗಾಳಿ ನಾನು ಬೇಕಾದಷ್ಟು ಕೊಡುತ್ತೇನೆ," ಎಂದು ಟರ್ಬೊ ಬೀಗಿತು.

ಹೆದ್ದಾರಿಯಲ್ಲಿ ಪಂಪು ಕಿರುಚತೊಡಗಿತು. ಯಜಮಾನ ಹಾಡಿನ ಸದ್ದು ಹೆಚ್ಚಿಸಿದ. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಿದ್ದರೆ ಎಂಜಿನ್ನಿನ ಒಳಭಾಗವೆಲ್ಲ ವಿಪರೀತ ಕಾಯುತ್ತದೆ, ಆಗಿದ್ದೂ ಅದೇ.

"ಅಜ್ಜಾ, ಒಂದೇ ಗುಟುಕು! ಸುಟ್ಟುಹೋಗುತ್ತಿದ್ದೇನೆ!" ಎಂದು ಪಿಸ್ಟನ್ ಕೂಗಿತು.

"ಇದ್ದದ್ದೆಲ್ಲ ಕೊಟ್ಟೆ, ಮಗನೇ."

ಪಿಸ್ಟನ್ ಕರಗಿ ತೂತಾಯಿತು.

ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದಾಗ, "ಎಲ್ಲ ಮುದುಕನ ಜಿಪುಣತನ," ಎಂದವು ಇಂಜೆಕ್ಟರುಗಳು. ಪಂಪು ಸುಮ್ಮನಿತ್ತು. ಸುಮ್ಮನಿತ್ತೆಂದರೆ ತಪ್ಪೊಪ್ಪಿಕೊಂಡಿತೆಂದಲ್ಲ, ಆ ಒಂದು ಗುಟುಕನ್ನು ತಾನು ಎಲ್ಲಿಂದಾದರೂ ತರಬಹುದಿತ್ತೇ ಎಂದು ಅದು ಇನ್ನೂ ಹುಡುಕುತ್ತಿತ್ತು, ಅಂದರೆ... ಬಂದೆ, ಬಂದೆ! ಯಾರೋ ಕರೆಯುತ್ತಿದ್ದಾರೆ.