ಹಿಮ್ಮಡಿ ಯಾರದು

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಬಸವಂತ ಎಂಬ ಶಿಷ್ಯನಿದ್ದ. ಅವನಿಗೆ ಓಡುವುದೆಂದರೆ ಪ್ರಾಣ.

ಬೆಳಗಿನ ಪೂಜೆಗೆ ಮೊದಲು ಹೊಳೆಯ ದಂಡೆಗುಂಟ ಓಡಿ ಬರುತ್ತಿದ್ದ. ಯಾರನ್ನೂ ಸೋಲಿಸಬೇಕಾಗಿರಲಿಲ್ಲ, ಯಾವ ಬಸ್ಸೂ ತಪ್ಪುತ್ತಿರಲಿಲ್ಲ. ಸುಮ್ಮನೆ ಓಡುತ್ತಿದ್ದ, ಬೆವರಿ ನಗುತ್ತಾ ಮರಳುತ್ತಿದ್ದ. ಮಠದ ಹಿರಿಯರು ಇದನ್ನು ಹುಚ್ಚಾಟ ಎನ್ನುತ್ತಿದ್ದರು. ಗುರು ಮೌನಪ್ಪಯ್ಯನವರು ಮಾತ್ರ ಏನೂ ಅಂದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನ ಬಲಗಾಲಿನ ಹಿಮ್ಮಡಿ ನೋಯತೊಡಗಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದಂತಾಗುತ್ತಿತ್ತು. ಸ್ವಲ್ಪ ನಡೆದಾಡಿದರೆ ಸಡಿಲವಾಗುತ್ತಿತ್ತು. ಓಡಿ ಬಂದು ಕೂತು ಎದ್ದರೆ ಮತ್ತೆ ಅದೇ ಕಥೆ.

ಹೇಳಿದರೆ ಓಟವನ್ನೇ ನಿಲ್ಲಿಸಿಬಿಡುತ್ತಾರೆ ಎಂದು ಹೆದರಿ ಅವನು ಬಾಯಿ ಬಿಡಲಿಲ್ಲ. ದೇಹ ನಾನಲ್ಲ ಎಂದು ಪಾಠದಲ್ಲಿ ಕೇಳಿದ್ದನಲ್ಲ, ಅದನ್ನೇ ಜಪಿಸುತ್ತಾ ಹಲ್ಲು ಕಚ್ಚಿ ಓಡಿದ. ಪಾಪ, ಹಿಮ್ಮಡಿ ಆ ಪಾಠ ಕೇಳಿರಲಿಲ್ಲ.

ಸಂಜೆ ಗುರುಗಳ ಕಾಲೊತ್ತುವುದು ಅವನ ಕೆಲಸ. ಆ ಮಠದ ಪದ್ಧತಿಯಂತೆ, ದೀಕ್ಷೆಯ ದಿನ ಅವನು ಅವೇ ಪಾದಗಳನ್ನು ಹಿಡಿದು, ಈ ತನು ನಿಮ್ಮದು ಎಂದು ಒಪ್ಪಿಸಿದ್ದ. ಎಲ್ಲ ಶಿಷ್ಯರೂ ಹಾಗೆ ಹೇಳುತ್ತಾರೆ, ಹೇಳಿ ಊಟಕ್ಕೆ ಕೂರುತ್ತಾರೆ.

ಒಂದು ಸಂಜೆ ಅವನು ಬಂದು ಕೂತಾಗ ಗುರುಗಳು ಕಾಲು ಚಾಚಲಿಲ್ಲ.

"ನನ್ನ ಹಿಮ್ಮಡಿ ಭಾಳ ನೋಯಾಕತ್ತೈತೋ ಬಸವಂತ," ಅಂದರು.

ಯಾವಾಗಿನಿಂದ ಎಂದು ಗಾಬರಿಯಿಂದ ಕೇಳಿದ. ಬೇಸಿಗೆ ಹತ್ತಿದಾಗಿನಿಂದ ಎಂದರು. ಬಸವಂತನಿಗೆ ಸಿಟ್ಟೇ ಬಂತು. ಗುರುಗಳೆಂಬುದನ್ನೂ ಮರೆತು ಗದರಿದ.

"ಇಷ್ಟು ದಿನಾ ಯಾಕ ಮುಚ್ಚಿಟ್ರಿ? ಬಚ್ಚಿಟ್ಟ ನೋವು ಬೆಳೀತೈತ್ರೀ ಅಪ್ಪಾರ."

"ತಪ್ಪಾತು. ಈಗೇನ್ ಮಾಡೂದು?"

ಮಾಡುವುದೆಲ್ಲ ಅವನಿಗೆ ಗೊತ್ತಿತ್ತು. ನೋವು ಇಳಿಯುವ ತನಕ ಹೊಳೆಗೆ ಹೋಗಕೂಡದು, ನೀರು ತಾನೇ ತಂದುಕೊಡುವೆ ಅಂದ. ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ತಿರುಗಕೂಡದು, ಹಾಸಿಗೆ ಬಿಡುವ ಮುನ್ನ ಪಾದವನ್ನು ಚೆನ್ನಾಗಿ ಎಳೆದು ಸಡಿಲಿಸಬೇಕು. ಹೀಗೆ ಅಪ್ಪಣೆ ಕೊಡುತ್ತಲೇ ಒಲೆಯಲ್ಲಿ ಇಟ್ಟಿಗೆ ಕಾಯಿಸಿದ. ಬೇಲಿಯಿಂದ ಎಕ್ಕೆಯ ಎಲೆ ಕಿತ್ತು ತಂದು ಅದರ ಮೇಲೆ ಹಾಸಿದ. ಕೈಯಿಂದ ಮುಟ್ಟಿ ಬಿಸಿಯ ಹದ ನೋಡಿದ. ಇಷ್ಟೆಲ್ಲ ಓಡಾಡಿದ್ದು ಕುಂಟುತ್ತಲೇ.

"ಎಲ್ಲಾ ಬರೋಬ್ಬರಿ ಆತೇನು?" ಎಂದು ಗುರುಗಳು ಕೇಳಿದರು.

"ಆತ್ರೀ. ಕಾಲು ಕೊಡ್ರಿ."

ಗುರುಗಳು ಬಗ್ಗಿ ಅವನ ಬಲಗಾಲನ್ನೇ ಹಿಡಿದು ಇಟ್ಟಿಗೆಯ ಮೇಲಿಟ್ಟರು.

ಗುರುಗಳ ಕೈ ತನ್ನ ಪಾದ ಮುಟ್ಟಿತಲ್ಲ ಎಂದು ಅವನು ಕಾಲೆಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ.

"ನೋಯೂದು ನಿಮ್ಮ ಹಿಮ್ಮಡಿ ಅಂದ್ರಲ್ಲರೀ?"

"ನಂದ. ದೀಕ್ಷಾದ ದಿನ ನೀನ ಕೊಟ್ಟೀಯಲ್ಲ. ದಿನಾ ಹೊಳಿ ದಂಡಿ ಮಳಲಾಗ ನಿನ್ನ ಹೆಜ್ಜಿ ನೋಡತೇನಿ. ಬಲಗಾಲಿನ ಹಿಮ್ಮಡಿ ಮೂಡೂದ ಇಲ್ಲ."

ಬಿಸಿ ಮೆಲ್ಲಗೆ ಒಳಗಿಳಿಯಿತು. ಬಸವಂತನಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಇನ್ನು ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿಲ್ಲ ಎಂದು ಅವನಿಗೆ ಎಷ್ಟೋ ಹಗುರವೆನಿಸಿತು.

ಅಂದಿನಿಂದ ಅವನು ಓಡಲಿಲ್ಲ. ತಾನು ಕೊಟ್ಟ ಅಪ್ಪಣೆಗಳನ್ನೆಲ್ಲ ತಾನೇ ಪಾಲಿಸಿದ. ಗುರುಗಳು ಸಂಜೆ ಸಂಜೆಗೂ ತಮ್ಮ ಹಿಮ್ಮಡಿ ಹೇಗಿದೆ ಎಂದು ವಿಚಾರಿಸುತ್ತಿದ್ದರು, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಮಳೆಗಾಲ ಹತ್ತಿರವಾದಾಗ ಒಂದು ಬೆಳಿಗ್ಗೆ ಎದ್ದು ಹೆಜ್ಜೆ ಇಟ್ಟ. ನೋಯಲಿಲ್ಲ. ನಂಬಿಕೆ ಬಾರದೆ ಮತ್ತೆ ಕೂತು, ಮತ್ತೆ ಎದ್ದು ನೋಡಿದ. ಆಗಲೂ ನೋಯಲಿಲ್ಲ.

ಅವನು ನೇರ ಗುರುಗಳ ಬಳಿಗೆ ಬಂದ. ಇಷ್ಟು ದಿನ ಕೇಳಲು ಹೆದರಿದ್ದನ್ನು ಕೇಳಿಯೇಬಿಟ್ಟ.

"ಅಪ್ಪಾರ, ಇನ್ನ ಓಡಬಹುದೇನ್ರಿ? ಕಾಲು ನಿಮ್ಮವು. ಬ್ಯಾಡಂದ್ರ ಬಿಡತೇನಿ."

ಗುರುಗಳು ಹೊಳೆಯ ದಂಡೆಯತ್ತ ನೋಡಿದರು.

"ನಾ ಓಡಿ ಭಾಳ ವರ್ಷ ಆತು," ಅಂದರು. "ಮೆಲ್ಲಕ ಕರಕೊಂಡ ಹೋಗು."