ಸೀನದ ಮೂಗು ಹುಡುಕಿದ ಕಾಟಲಿಂಗ

ಎರಡು ಬಾವಿ. ಹಗ್ಗ ಇಲ್ಲ, ಕೊಡ ಇಲ್ಲ. ಕಾಗದ ಇಳಿಬಿಟ್ಟು ನೀರು ಸೇದ್ತಾರೆ. ಆ ಹನಿ ನೀರಲ್ಲಿ ಬೆಂಕಿ ಎಷ್ಟಿದೆ ಅಂತ ಅಳೀತಾರೆ. ಏನದು, ಹೇಳಿ ನೋಡೋಣ? ಬಿಡಿ, ನಮ್ಮ ಮೇಷ್ಟ್ರಿಗೇ ಬರಲಿಲ್ಲ, ನಿಮಗೆಲ್ಲಿ ಬರತ್ತೆ! ಅದು ಬೊಮ್ಮಕ್ಕನ ಮೂಗು.

ಬೊಮ್ಮಕ್ಕ ಕಂಬಳಿ ನೇಯೋಳು. ಅವಳಿಗೊಬ್ಬನೇ ಮಗ ಕಾಟಲಿಂಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಅದೇ ಅವನ ರೋಗ. ಅವ್ವನ ರೋಗ ಬೇರೆ. ಮಗ್ಗಕ್ಕೆ ಕೂತರೆ ಆಕ್ಷೀ! ಲಾಳಿ ಎಸೆದರೆ ಆಕ್ಷೀ! ಸೀನಿಗೊಂದು ಎಳೆ ಪಟ್ ಅಂತ ಹರಿಯೋದು.

ಮಗನ್ನ ಕರ್ಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟ್ರಮ್ಮ ಅಂದ್ರು, "ಉಣ್ಣೆ ಧೂಳಿಗೆ ಮೂಗಲ್ಲಿ ಉರಿಯೂತ ಬೊಮ್ಮಕ್ಕ. ಎಷ್ಟು ಅಂತ ಅಳೆದರೆ ತಕ್ಕ ಔಷಧ ಕೊಡ್ತೀನಿ. ಇಲ್ಲಾಂದ್ರೆ ಮಗ್ಗ ಬಿಟ್ಟುಬಿಡು."

"ಮಗ್ಗ ಬಿಟ್ಟು ಮಣ್ಣು ತಿನ್ಲಾ ತಾಯಿ?"

"ಹಂಗಾದ್ರೆ ಸೀನು ಬಂದಾಗ ಈ ಕಾಗದದ ಪಟ್ಟಿ ಮೂಗಲ್ಲಿಡು. ನೆಂದ ಮೇಲೆ ಸೀಸೆಗೆ ಹಾಕಿ ಮಗನ ಕೈಲಿ ಕಳಿಸು. ಕಾಟಲಿಂಗ, ಪಟ್ಟಿ ಒಣಗಬಾರದು!"

ಒಣಗಬಾರದಲ್ಲ? ದಾರೀಲಿ ಕೆರೆ ಸಿಕ್ತು. ಅದ್ದಿದ. ಊರ ಬಾವಿ ಸಿಕ್ತು. ಅಲ್ಲೂ ಅದ್ದಿದ.

"ಕೆರೆಯ ಮೂಗು ಅಳೀಲೇನೋ!" ಅಂತ ಡಾಕ್ಟ್ರಮ್ಮ ಕೂಗಿದ್ರು. "ಸೀಸೆಗೆ ಏನೂ ಸೇರಿಸಬೇಡ. ಮುಚ್ಚಳ ಬಿಗಿಯಾಗಿ ಹಾಕು!"

ಮಾರನೇ ದಿನ ಸೀಸೆ ತಂದ. ಮುಚ್ಚಳ ಬಿಗಿಯೋ ಬಿಗಿ. ತೆಗೆದು ನೋಡಿದ್ರೆ ಬರೀ ಗಾಳಿ.

"ಪಟ್ಟಿ ಎಲ್ಲೋ?"

"ಅವ್ವನ ಮೂಗಲ್ಲೇ ಐತೆ. ಏನೂ ಸೇರಿಸಬೇಡ ಅಂದ್ರಲ್ಲ!"

ಡಾಕ್ಟ್ರಮ್ಮ ತಲೆ ಹಿಡ್ಕೊಂಡ್ರು. "ಪಟ್ಟಿ ಹಾಕೋ ಮಾರಾಯ! ಸೀಸೆ ಮೇಲೆ ಅವ್ವನ ಹೆಸರು ಬರಿ. ಜೊತೆಗೆ ಇನ್ನೊಂದು ತಾ. ದಿನಾ ಉಣ್ಣೆ ಜೊತೆಗಿದ್ದೂ ಸೀನದ ಮೂಗಿಂದು. ಎರಡನ್ನೂ ಹೋಲಿಸಿ ನೋಡ್ತೀನಿ."

ಕಾಟಲಿಂಗ ಯೋಚನೆ ಮಾಡಿದ. ಪಾಪ, ನಿಜವಾಗ್ಲೂ ಮಾಡಿದ. ಹುಟ್ಟಿದಾಗಿಂದ ಉಣ್ಣೆ ಒಳಗೇ ಇದ್ದು ಒಂದು ಸಲನೂ ಸೀನದೋನು ಯಾರು? ಹಟ್ಟಿ ಟಗರು! ಕಾಲಲ್ಲಿ ಒತ್ತಿ ಹಿಡಿದು, ಮೂಗಿಗೆ ಪಟ್ಟಿ ತುರುಕಿದ. ಎರಡು ಸೀಸೆ, ಎರಡರ ಮೇಲೂ ಅವ್ವನ ಹೆಸರು.

ಡಾಕ್ಟ್ರಮ್ಮ ಅಳೆದ್ರು. ಒಂದ್ರಲ್ಲಿ ಉರಿಯೋ ಉರಿ, ಇನ್ನೊಂದು ತಣ್ಣಗೆ.

"ಅವ್ವಂದು ಯಾವುದೋ?"

"ಎರಡೂ ಅವ್ವಂದೇ. ಬರೆದೈತಲ್ಲ! ಒಂದು ಟಗರಿನ ಮೂಗಿಂದು, ಅಷ್ಟೇ."

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಅವ್ವನ್ನೇ ಕರ್ಕೊಂಡು ಬಾರೋ!"

ಬೊಮ್ಮಕ್ಕ ಬಂದಳು. ಡಾಕ್ಟ್ರಮ್ಮ ತಾವೇ ಪಟ್ಟಿ ಇಟ್ಟು, ತಾವೇ ತೆಗೆದು, ತಾವೇ ಅಳೆದ್ರು. ಉರಿಗೆ ತಕ್ಕ ಔಷಧನೂ ಸಿಕ್ತು. "ಮಗ್ಗ ಬಿಡೋದು ಬೇಡ ಬೊಮ್ಮಕ್ಕ. ಔಷಧ ಹಿಡಿಯೋವರೆಗೆ ಎಂಟು ದಿನ ಉಣ್ಣೆ ಮುಟ್ಟಬೇಡ, ಅಷ್ಟೇ. ಕಾಟಲಿಂಗ, ಅಲ್ಲೀವರೆಗೆ ಉಣ್ಣೆಗೆ ಸೀನದೋರನ್ನ ಮಗ್ಗಕ್ಕೆ ಕೂರಿಸು!"

ಬೆಳಿಗ್ಗೆ ಬೊಮ್ಮಕ್ಕ ಎದ್ದು ನೋಡ್ತಾಳೆ, ಮಗ್ಗದ ಕುಳೀಲಿ ಕಾಲು ಇಳಿಬಿಟ್ಕೊಂಡು ಟಗರು ಕೂತೈತೆ! ಬಾಯಲ್ಲಿ ಅರ್ಧ ಕಂಬಳಿ!

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದೋನೇ! ಇದೇನೋ?"

"ಬಯ್ಯಬೇಡ ಕಣವ್ವ," ಅಂದ ಕಾಟಲಿಂಗ. "ಕಂಬಳಿ ತಿಂತು, ಖರೆ. ಆದ್ರೆ ನಿನ್ನಾಣೆ, ಒಂದು ಸಲನೂ ಸೀನಿಲ್ಲ!"

ಎಂಟನೇ ದಿನಕ್ಕೆ ಬೊಮ್ಮಕ್ಕನ ಸೀನು ನಿಂತು, ಟಗರು ಒಂದು ಕಂಬಳಿ ನೇಯ್ದು ಮುಗಿಸಿ, ತಾನೇ ಹೊದ್ಕೊಂಡು ಮಲಗ್ತು. ನಗಬೇಡಿ. ಸೀನು ನಿಂತಿದ್ದು ಖರೆ. ಟಗರು ನೇಯ್ದಿದ್ದು ಮಾತ್ರ ನಾನು ಕಟ್ಟಿದ್ದು.